ಗೌರತ್ತೆಯ ಕಿಟಕಿಗೆ ಹಸಿರು ಕದ

ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಬಣ್ಣದ ಡಬ್ಬದ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹತ್ತುವ ಆ ಘಾಟು ಇದೆಯಲ್ಲ, ಅದು ಇವತ್ತು ಬೆಳಗ್ಗೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಹೋದೆ. ಜಗಲಿಯ ಮೇಲೆ ಮಗ ಮತ್ತು ಮೇಸ್ತ್ರಿ ತಲೆಗೆ ತಲೆ ತಾಗಿಸಿಕೊಂಡು ಫೋನಿನಲ್ಲಿ ಯಾವುದೋ ಮನೆಯ ಚಿತ್ರ ನೋಡುತ್ತಿದ್ದರು. ಚಿತ್ರದ ಮನೆಯ ಕಿಟಕಿಗಳ ಎರಡೂ ಪಕ್ಕದಲ್ಲಿ, ಹೊರಗೋಡೆಯ ಮೇಲೆ, ಹಸಿರು ಕದಗಳು ತೆರೆದುಕೊಂಡು ನಿಂತಿದ್ದವು.

"ನಮ್ಮ ಮುಂದಿನ ಕಿಟಕಿಗೂ ಇಂಥವು ಹಾಕ್ಸಣ ಅಂತ ಅವ್ವ. ಮುಚ್ಚಕ್ಕಲ್ಲ, ಬರೀ ಅಂದಕ್ಕೆ" ಎಂದ ಮಗ.

ನಾಳೆ ಹೇಳುತ್ತೇನೆ ಎಂದು ಒಳಗೆ ಬಂದೆ. ಅಷ್ಟರಲ್ಲಿ ಸಾಸಿವೆ ಸೀದಿತ್ತು. ಎರಡು ಹಲಗೆಯ ವಿಷಯಕ್ಕೆ ನಾಳೆಯವರೆಗೆ ಯೋಚಿಸುವುದು ಏನಿದೆ ಎಂದು ನಿಮಗೆ ಅನ್ನಿಸಬಹುದು. ಮಗನಿಗೂ ಹಾಗೇ ಅನ್ನಿಸಿತು, ಮುಖದಲ್ಲಿ ಕಾಣುತ್ತಿತ್ತು. ಆದರೆ "ಬರೀ ಅಂದಕ್ಕೆ" ಎನ್ನುವ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಅದನ್ನು ಹೇಳಬೇಕಾದರೆ ಮೊದಲು ಗೌರತ್ತೆಯನ್ನು ನಿಮಗೆ ಪರಿಚಯ ಮಾಡಿಸಬೇಕು.

ಗೌರತ್ತೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನಾನು ಹುಟ್ಟುವ ಮೊದಲೇ ಅಜ್ಜಂಪುರದ ನಮ್ಮ ಮನೆಗೆ ವಾಪಸು ಬಂದವಳು. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಅತ್ತೆಯದು, ಆ ಕೋಣೆಗೆ ರಸ್ತೆ ಕಡೆ ಒಂದೇ ಕಿಟಕಿ. ಕಬ್ಬಿಣದ ಸರಳು, ಒಳಮುಖವಾಗಿ ತೆಗೆಯುವ ಹಳೆಯ ಕದ. ಹಣೆಗೆ ವಿಭೂತಿ ಇಟ್ಟುಕೊಂಡು, ಒಂದು ಮಣೆ ಹಾಕಿಕೊಂಡು ಅಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೂ ಅತ್ತೆ ಏಳುತ್ತಿರಲಿಲ್ಲ.

ಅನುಮಾನ ಅವಳ ಹುಟ್ಟುಗುಣ. ಹಾಲಿನವಳು ಹಾಲು ಅಳೆಯುವ ಮೊದಲು ಅದರ ಒಂದು ತೊಟ್ಟು ಅತ್ತೆಯ ಹೆಬ್ಬೆರಳಿನ ಉಗುರಿನ ಮೇಲೆ ನಿಂತು ತೋರಿಸಬೇಕಿತ್ತು. ಬೆಲ್ಲದ ಅಚ್ಚಿನ ಮೂಲೆ ಕಚ್ಚದೆ ಡಬ್ಬಕ್ಕೆ ಹಾಕಿದವಳಲ್ಲ. ನಮ್ಮ ಮನೆಗೆ ಕರೆಂಟು ಬಂದ ಮೇಲೂ ಬಲ್ಬಿನ ಕೆಳಗೆ ಲಾಟೀನು ಉರಿಯುತ್ತಲೇ ಇತ್ತು. ರಸ್ತೆಯಲ್ಲಿ ಯಾರಾದರೂ ಟ್ರಂಕು ಹೊತ್ತು ರೈಲಿಗೆ ಹೊರಟರೆ, "ಬರೋವಾಗ ಹಗುರಾಗಿತ್ತಲ್ಲೇ, ಹೋಗೋವಾಗ ಯಾಕೆ ಓರೆಯಾಗಿ ನಡೀತಾನೆ?" ಎಂದು ನನ್ನನ್ನು ಕೇಳುತ್ತಿದ್ದಳು. ನನಗೆ ಹೇಗೆ ಗೊತ್ತು? ಗೊತ್ತಿಲ್ಲ ಎಂದರೆ ನನ್ನ ಮೇಲೂ ಅನುಮಾನ. ಆಗೆಲ್ಲ ನಗುತ್ತಿದ್ದೆ. ಈಗ ಮೊಸರಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಚಾಳಿ ನನಗೂ ಬಂದಿದೆ. ಸೊಸೆ ನೋಡಿ ತನ್ನ ಕೆಲಸಕ್ಕೆ ಹೋಗುತ್ತಾಳೆ.

ಆದರೆ ಆ ಕಿಟಕಿ ಅತ್ತೆಗೆ ಬರೀ ಕಾವಲು ಕಾಯುವ ಜಾಗವಾಗಿರಲಿಲ್ಲ. ಮದುವೆ ಮುಂಜಿಗಳಿಗೆ ಅವಳು ಹೋಗುತ್ತಿರಲಿಲ್ಲ. ಮನೆಯಲ್ಲಿ ಶುಭಕಾರ್ಯ ನಡೆದರೆ, ಯಾರೂ ಬಾಯಿ ಬಿಟ್ಟು ಹೇಳದಿದ್ದರೂ, ತಾನೇ ಎದ್ದು ಹಿತ್ತಲ ಕಡೆ ಹೋಗಿಬಿಡುತ್ತಿದ್ದಳು. ಏಳು ಎಂದು ಯಾರೂ ಅನ್ನದ, ಅನ್ನಬೇಕೆಂದು ಯಾರಿಗೂ ಹೊಳೆಯದ ಜಾಗ ಆ ಕಿಟಕಿಯೊಂದೇ.

ನನಗೆ ಹದಿನೆಂಟು ದಾಟಿದಾಗ ಗಂಡು ನೋಡಲು ಶುರುಮಾಡಿದರು. ಇಸವಿ ಅರವತ್ತರ ಆಸುಪಾಸು ಇರಬೇಕು. ಮೊದಲು ಕಡೂರಿನವರು ಬಸ್ಸಿನಲ್ಲಿ ಬಂದರು, ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹೋದರು. ಆಮೇಲೆ ಬೇಡ ಎಂದು ಹೇಳಿ ಕಳಿಸಿದರು. ಸಂಬಂಧ ತಂದಿದ್ದ ಹೆಂಗಸು ಅಡುಗೆಮನೆಯಲ್ಲಿ ಅವ್ವನ ಕಿವಿಗೆ ಬಾಯಿ ಇಟ್ಟು, ಮೆಟ್ಟಿಲು ಹತ್ತುವಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಸರಿಯಿರಲಿಲ್ಲ, ಕಿಟಕಿಯಲ್ಲಿ ಗೌರಮ್ಮ ಕೂತಿದ್ದರಲ್ಲ ಎಂದಳು. ನಾನು ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದೆ. ಅತ್ತೆಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ಮಾರನೆಯ ದಿನ ಹಾಲಿನ ತೊಟ್ಟನ್ನು ಮಾತ್ರ ಅವಳು ಬಹಳ ಹೊತ್ತು ನೋಡಿದಳು.

ಅದಾದ ಸ್ವಲ್ಪ ದಿನಕ್ಕೆ ಅಪ್ಪ ಅಂಗಡಿಯ ಕಪಾಟಿಗೆ ಹಲಗೆ ತರಲು ತರೀಕೆರೆಗೆ ಹೋಗಿ, ಅಲ್ಲಿ ಮರದ ವ್ಯಾಪಾರಿಯೊಬ್ಬರ ಹೊಸ ಮನೆ ನೋಡಿಕೊಂಡು ಬಂದರು. ಕಿಟಕಿಯ ಹೊರಗೆ ಎರಡೂ ಪಕ್ಕ ಕದಗಳಂತೆ, ಪಟ್ಟಿ ಪಟ್ಟಿ ಜೋಡಿಸಿದವಂತೆ, ಹಸಿರು ಬಣ್ಣವಂತೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೂ ತೋರಿಸಿದರು. ನನಗಂತೂ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಮನೆಯ ಮುಖಕ್ಕೆ ಸುಣ್ಣ ಬಿಟ್ಟರೆ ಬೇರೆ ಅಲಂಕಾರವೇ ಇರಲಿಲ್ಲ. ಹಬ್ಬಕ್ಕೊಮ್ಮೆ ಅದೂ ಅರ್ಧಂಬರ್ಧ.

ಅತ್ತೆ ಚಿತ್ರವನ್ನು ಸುತ್ತಲೂ ನಡೆದು ನೋಡಿದಳು. "ಒಳಗಡೆ ಕದ ಇದಾವಲ್ಲೋ. ಮುಚ್ಚಕ್ಕೆ ಬರದೇ ಇರೋ ಕದ ಯಾತಕ್ಕೆ?"

"ಬರೀ ಅಂದಕ್ಕೆ ಕಣಕ್ಕ."

"ಮನೆ ಅಂದಕ್ಕೋ, ಬರೋರ ಕಣ್ಣಿಗೋ?"

ಅಪ್ಪ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು. ಅಕ್ಕ ಒಪ್ಪದೆ ಕೆಲಸ ಬೇಡ ಎಂದು ಮಾತ್ರ ಹೇಳಿದರು.

ಅಲ್ಲಿಂದ ಅತ್ತೆಯ ವಿಚಾರಣೆ ಶುರುವಾಯಿತು. ಟಪಾಲಿನವನನ್ನು, ಹೂವಿನವಳನ್ನು, ರೈಲಿಗೆ ಹೋಗುವ ಅರೆಪರಿಚಿತರನ್ನು, ಎಲ್ಲರನ್ನೂ ಸರಳಿನಾಚೆ ನಿಲ್ಲಿಸಿ ಇಂಥ ಕದ ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದಳು. ಬೀರೂರಿನಲ್ಲಿ ರೈಲ್ವೆ ಸಾಹೇಬರ ಬಂಗಲೆಗೆ ಇದೆ, ಮಧ್ಯಾಹ್ನ ಬಿಸಿಲಿಗೆ ಮುಚ್ಚುತ್ತಾರೆ ಎಂದ ಯಾರೋ ಪುಣ್ಯಾತ್ಮ. ತಗೊಳ್ಳಿ, ಮುಗಿಯಿತು. "ಅಲ್ಲಿ ಮುಚ್ತದಂತೆ, ಇಲ್ಲಿ ಯಾಕೆ ಮುಚ್ಚಲ್ಲ?" ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಕೇಳುವಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಕದಗಳನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಬೇಕು. ಅಪ್ಪ ಆಗಲಿ ಎಂದರು.

ಕದ ಕೂರಿಸುವ ದಿನ ಅತ್ತೆ ಬೀದಿಯಲ್ಲೇ ನಿಂತಿದ್ದಳು. ಆಚಾರಿ ಚೀಲದಿಂದ, ಕದ ಮುಚ್ಚಿ ತೆಗೆಯಲು ಹಾಕುವ ಬಿಜಾಗರಿ ತೆಗೆದ. ಇದ್ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ ಅವನು ಅಪ್ಪನ ಮುಖ ನೋಡಿದ. ಮುಂದೆ ಬಣ್ಣ ಹೊಡೆಯುವಾಗ ಹಿಂದಿನ ಗೋಡೆಗೂ ಕೈ ಹೋಗಬೇಕಲ್ಲ, ಇಲ್ಲದಿದ್ದರೆ ಹಲ್ಲಿ ಕಣಜ ಸೇರಿಕೊಳ್ಳುತ್ತವೆ ಎಂದರು ಅಪ್ಪ. ಅತ್ತೆ "ಓಹೋ" ಎಂದಳು. ಅವಳು ಪ್ರಶ್ನೆ ಕೇಳುತ್ತಿದ್ದರೆ ನಮಗೆ ಭಯವಿರಲಿಲ್ಲ. ಕೇಳುವುದನ್ನು ನಿಲ್ಲಿಸಿ ಓಹೋ ಎಂದರೆ ಮಾತ್ರ ಭಯ.

ಆಚಾರಿ ಕದಗಳನ್ನು ಕೊಕ್ಕೆ ಹಾಕಿ ಗೋಡೆಗೆ ಆನಿಸಿ ಹೋದ. ನಿಜ ಹೇಳುತ್ತೇನೆ, ಮನೆ ತುಂಬ ಚೆನ್ನಾಗಿ ಕಾಣುತ್ತಿತ್ತು. ನಾನು ನೀರು ತರುವ ನೆಪದಲ್ಲಿ ಎದುರು ಬದಿಗೆ ಹೋಗಿ ನಿಂತು ನೋಡಿ ಬರುತ್ತಿದ್ದೆ.

ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಬೀರೂರಿನಿಂದ ಒಂದು ಸಂಬಂಧ ಬಂತು. ಹುಡುಗ ರೈಲ್ವೆಯಲ್ಲಿ ಕೆಲಸ. ಹುಡುಗನ ಕಡೆಯವರು ಬೆಳಗಿನ ರೈಲಿಗೆ ಬರುತ್ತಾರೆಂದು ಅಪ್ಪ ಸ್ಟೇಷನ್ನಿಗೆ ಹೋದರು. ನಾನು ಸೀರೆ ಉಟ್ಟು, ನೆರಿಗೆ ಸರಿಯಿದೆಯೇ ಎಂದು ತೋರಿಸಲು ಅತ್ತೆಯ ಕೋಣೆಗೆ ಹೋದೆ. ತಪ್ಪು ಹುಡುಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ ನೋಡಿ. ಕೋಣೆ ಕತ್ತಲೆ. ಹೊರಗಿನ ಹಸಿರು ಕದ ಮುಚ್ಚಿತ್ತು. ಪಟ್ಟಿಗಳ ಸಂದಿಯಿಂದ ಬಂದ ಬೆಳಕು ಅತ್ತೆಯ ಸೀರೆಯ ಮೇಲೆ ಗೆರೆ ಗೆರೆಯಾಗಿ ಬಿದ್ದಿತ್ತು. ಅವಳು ದಿನದ ಹಾಗೇ ಮಣೆಯ ಮೇಲೆ ಕೂತಿದ್ದಳು.

"ಮುಚ್ತದೆ ಕಣೇ. ನೋಡ್ದೆ" ಎಂದಳು.

ತನ್ನ ಅನುಮಾನ ನಿಜವಾದ ಖುಷಿ ಆ ದನಿಯಲ್ಲಿ ಒಂದಿಷ್ಟೂ ಇರಲಿಲ್ಲ. ತೆಗೆಯಲು ಸರಳಿನೊಳಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅಷ್ಟರಲ್ಲಿ ಬೀದಿಯಲ್ಲಿ ಹೆಜ್ಜೆ ಸಪ್ಪಳ. ಅತ್ತೆ ಸಂದಿಯಲ್ಲಿ ಬಗ್ಗಿ ನೋಡಿ, ತಾಯಿ ಮುಂದೆ ಬರುತ್ತಿದ್ದಾಳೆ, ಹುಡುಗ ಹಿಂದೆ ಬರುತ್ತಿದ್ದಾನೆ, ಯಾಕೋ ಸರಿಯಿಲ್ಲ ಎಂದು ಪಿಸುಗುಟ್ಟಿದಳು. ಆ ಹೊತ್ತಿನಲ್ಲೂ!

ಹೆಜ್ಜೆಗಳು ನಿಂತವು. ಬನ್ನಿ ಬನ್ನಿ ಎನ್ನುತ್ತಿದ್ದ ಅಪ್ಪನ ಮಾತೂ ನಿಂತಿತು. ಆಮೇಲೆ ಕದ ಕಿರುಗುಟ್ಟಿತು, ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಸರಳಿನಾಚೆ ಅಪ್ಪ ನಿಂತಿದ್ದರು. ನಮ್ಮ ಕಡೆ ನೋಡಲಿಲ್ಲ. ಒಂದು ಕದ ಗೋಡೆಗೆ ಆನಿಸಿ ಕೊಕ್ಕೆ ಹಾಕಿದರು, ಇನ್ನೊಂದಕ್ಕೂ ಹಾಕಿದರು. ಆಮೇಲೆ ನೆಂಟರ ಕಡೆ ತಿರುಗಿದರು.

"ಇವರು ನಮ್ಮಕ್ಕ. ಮನೆಗೆ ಹಿರೇರು. ಮೊದ್ಲು ಇವರನ್ನ ಮಾತಾಡ್ಸಿ, ಆಮೇಲೆ ಒಳಗೆ ಬನ್ನಿ."

ಹುಡುಗನ ತಾಯಿ ನೆಲ ನೋಡಿಕೊಂಡು ಚೆನ್ನಾಗಿದ್ದೀರಾ ಎಂದರು. ಅತ್ತೆ ಕಣ್ಣು ಒರೆಸಿಕೊಂಡು, "ಹುಡುಗ ಯಾರು? ಹಿಂದೆ ನಿಂತಿರೋನಾ? ಮುಂದೆ ಬರಕ್ಕೇಳಿ" ಎಂದಳು. ಹುಡುಗ ಮುಂದೆ ಬಂದ. ಹೀಗೆ ನನ್ನನ್ನು ನೋಡುವ ಶಾಸ್ತ್ರ, ಜಮಖಾನವಿಲ್ಲದೆ ಕಾಫಿಯಿಲ್ಲದೆ, ಕಿಟಕಿಯ ಸರಳಿನ ನಡುವೆಯೇ ಮುಗಿದುಹೋಯಿತು.

ಆ ಸಂಬಂಧ ಕೂಡಿಬರಲಿಲ್ಲ. ಕಾರಣವನ್ನೂ ಹೇಳಿ ಕಳಿಸಲಿಲ್ಲ. ನಾನು ಹಿತ್ತಲಲ್ಲಿ ಕೂತು ಕಣ್ಣೀರು ಹಾಕಿದೆ. ಹುಡುಗನಿಗಾಗಿ ಅಲ್ಲ, ಅವನ ಮುಖ ಈಗ ನೆನಪೇ ಇಲ್ಲ. ಮನಸ್ಸಿನಲ್ಲೇ ಪಾತ್ರೆ ಜೋಡಿಸಿಟ್ಟಿದ್ದ ಬೀರೂರಿನ ರೈಲ್ವೆ ಮನೆಗಾಗಿ. ಅವ್ವ ಅಪ್ಪನ ಜೊತೆ ಕೆಲವು ದಿನ ಮಾತು ಬಿಟ್ಟಳು.

ಅಪ್ಪ ಆಚಾರಿಯನ್ನು ಕರೆಸಿ ಬಿಜಾಗರಿ ಕೀಳಿಸಿದರು. ಅವನು ಮೊಳೆ ಹೊಡೆಯುತ್ತಿದ್ದಾಗ ಕಿಟಕಿಯ ಹತ್ತಿರ ನಿಂತು, "ಬಿಜಾಗರಿ ಹಾಕ್ಸಿದ್ದು ಬಣ್ಣಕ್ಕಲ್ಲ ಕಣಕ್ಕ" ಎಂದರು.

"ಗೊತ್ತಿತ್ತು."

"ಮತ್ತೆ ನೀನೇ ಯಾಕೆ ಮುಚ್ಕಂಡೆ?"

"ನೀನು ಬಂದು ಮುಚ್ಚೋದನ್ನ ನೋಡಕ್ಕೆ ಆಗ್ತಿರ್ಲಿಲ್ಲ ಕಣೋ" ಎಂದಳು ಅತ್ತೆ.

ಅಪ್ಪ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು. ಮೊಳೆ ಹೊಡೆದು ಮುಗಿದ ಮೇಲೂ ಎದ್ದಿರಲಿಲ್ಲ.

ಅತ್ತೆಗೆ ಸಮಾಧಾನವಾಯಿತು ಎಂದುಕೊಂಡಿರಾ? ಮುಖ ತೊಳೆದು ಬಂದವಳೇ ಸರಳಿನೊಳಗೆ ಕೈ ಹಾಕಿ ಕದವನ್ನು ಒಮ್ಮೆ ಜಗ್ಗಿ ನೋಡುವುದು ಅವಳ ದಿನದ ಮೊದಲ ಕೆಲಸವಾಯಿತು. ಮುಂದಿನ ವರ್ಷ ಶಿವನಿಯಿಂದ ಬಂದ ಹುಡುಗನನ್ನು ಕಿಟಕಿಯಲ್ಲೇ ತಡೆದು, ಉಳಿದವರೆಲ್ಲ ಒಳಗೆ ಕೂತು ಉಪ್ಪಿಟ್ಟು ತಿಂದರೂ ಬಿಡದೆ ಪ್ರಶ್ನೆ ಕೇಳಿದಳು. ಹುಡುಗ, ಅಂದರೆ ನಮ್ಮ ಯಜಮಾನರು, ನಿಂತು ಎಲ್ಲಕ್ಕೂ ಉತ್ತರ ಕೊಟ್ಟರು. ಏನೋ ಮುಚ್ಚಿಡುತ್ತಿದ್ದಾನೆ, ಆದರೂ ಪರವಾಗಿಲ್ಲ ಎಂದು ಅತ್ತೆ ತೀರ್ಪು ಕೊಟ್ಟಳು. ಮದುವೆಯಾದ ಮೇಲೆ ಗೊತ್ತಾಯಿತು, ಅವತ್ತು ಕೋಟಿನ ಒಳಗಿನ ಅಂಗಿ ಹರಿದಿತ್ತಂತೆ.

ಆ ಕೋಟಿನವರು ಹೋಗಿ ನಾಲ್ಕು ವರ್ಷವಾಯಿತು. ಈಗ ನನ್ನ ಹಣೆಯಲ್ಲೂ ವಿಭೂತಿ ಮಾತ್ರ. ಮುಂದಿನ ಕೋಣೆ ನನ್ನದು, ಮುಂದಿನ ಕಿಟಕಿಯೂ ನನ್ನದೇ. ಇನ್ನೊಂದು ವಿಷಯ ನಿಮಗೆ ಹೇಳಿರಲಿಲ್ಲ. ಮೊಮ್ಮಗಳನ್ನು ನೋಡಲು ಮುಂದಿನ ತಿಂಗಳು ತರೀಕೆರೆಯಿಂದ ಗಂಡಿನ ಕಡೆಯವರು ಬರುತ್ತಾರೆ. ಬಣ್ಣ ಅದಕ್ಕೇ.

ಕಾಲ ಬದಲಾಗಿದೆ, ಮಗ ಅಂಥವನಲ್ಲ ಎಂದು ನನಗೆ ಗೊತ್ತು. ಅಪ್ಪನೂ ಅಂಥವರಲ್ಲ ಎಂದು ಗೌರತ್ತೆಗೂ ಗೊತ್ತಿತ್ತು. ಆದರೂ ಅವಳು ಕೇಳಿದಳಲ್ಲ, ಬಾಯಿ ತೆರೆದು. ನಾನು ನಾಳೆ ಹೇಳ್ತೀನಿ ಎಂದು ಒಳಗೆ ಬಂದುಬಿಟ್ಟೆ. ಅಷ್ಟು ವರ್ಷ ನಕ್ಕದ್ದು ಅವಳನ್ನು ನೋಡಿ.

ಎದ್ದು ಹೊರಗೆ ಹೋದೆ. ಕದಕ್ಕೆ ಬಿಜಾಗರಿ ಹಾಕುತ್ತೀಯೋ ಮೊಳೆ ಹೊಡೆಸುತ್ತೀಯೋ ಎಂದು ಮಗನನ್ನು ಕೇಳಿದೆ. ಅವನಿಗೆ ಈ ಕಥೆ ಗೊತ್ತಿಲ್ಲ, ನಕ್ಕುಬಿಟ್ಟ. "ಸ್ಕ್ರೂ ಅವ್ವ. ನೀನು ಕೂರೋ ಕಿಟಕಿ, ಮುಚ್ಚೋರು ಯಾರು?"

"ಹಂಗಾದ್ರೆ ಹಾಕ್ಸು" ಎಂದೆ.

ಒಳಗೆ ಬಂದು ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ. ಸರಳಿನೊಳಗೆ ಕೈ ತೂರುತ್ತದೆಯೇ ಎಂದು ನೋಡಿದೆ. ತೂರುತ್ತದೆ.