ಒಡೆದ ಕಜ್ಜಾಯ

ನಮ್ಮತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಸುಟ್ಟು ಸುಟ್ಟು ಬೆಳ್ಳಗೆ, ಗಟ್ಟಿಯಾಗಿದ್ದವು. ಕಜ್ಜಾಯಕ್ಕೆ ಬೆಲ್ಲದ ಪಾಕ ಬಂದಿದೆಯೋ ಇಲ್ಲವೋ ತಿಳಿಯಲು ಬೇರೆಯವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ ನೋಡುತ್ತಾರೆ. ಅತ್ತೆಗೆ ನೀರು ಬೇಕಿರಲಿಲ್ಲ. ಸೌಟಿಗೆ ಅಂಟಿದ ಸುಡುಪಾಕವನ್ನೇ ಎರಡು ಬೆರಳಲ್ಲಿ ಹಿಡಿದೆಳೆದು "ಇಳ್ಸು" ಅನ್ನುತ್ತಿದ್ದರು. ಪಾಳ್ಯದ ಸುತ್ತ ಯಾರ ಮನೆಯ ಮದುವೆಯಾದರೂ ಪಾಕ ನೋಡಲು ಅವರಿಗೇ ಕರೆ ಬರುತ್ತಿತ್ತು.

ಈಗ ನನ್ನ ಮಗಳು ಹೆರಿಗೆಗೆ ಬಂದು ಮನೆಯಲ್ಲಿದ್ದಾಳೆ. ಮೊಮ್ಮಗಳಿಗೆ ಇಪ್ಪತ್ತು ದಿನ. ಅದರ ಮುಖ ನೋಡುತ್ತಾ ಕೂತರೆ ನನಗೆ ಹಸಿವೇ ತಿಳಿಯುವುದಿಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸುತ್ತಿದ್ದೇನೆ. ಇಷ್ಟೊಂದು ಸಂತೋಷದ ಒಳಗೇ ಒಂದು ಮುಳ್ಳು ಆಡುತ್ತದೆ: ಇದನ್ನು ಎತ್ತಿಕೊಳ್ಳಲು ನಮ್ಮತ್ತೆ ಇಲ್ಲ.

ನನ್ನ ಗಂಡ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ತೀರಿಕೊಂಡರು. ಮಗಳಿಗೆ ಆಗ ನಾಲ್ಕು ವರ್ಷ. ವರ್ಷ ಕಳೆದು ಪಿತೃಪಕ್ಷದಲ್ಲಿ ಅವರಿಗೆ ಮೊದಲ ಎಡೆ ಇಡಬೇಕಾಯಿತು. ಎಡೆಯಲ್ಲಿ, ತೀರಿಹೋದವರಿಗೆ ಇಷ್ಟವಾದದ್ದು ಇರಬೇಕು. ಅತ್ತೆ ತಾವೇ ಕಜ್ಜಾಯಕ್ಕೆ ಕೂತರು. ಅಂಥ ಕೈಯಲ್ಲಿ ಅವತ್ತು ಒಂದೂ ನಿಲ್ಲಲಿಲ್ಲ. ತಟ್ಟಿ ಎಣ್ಣೆಗೆ ಬಿಟ್ಟದ್ದೆಲ್ಲ ಒಡೆದು ಚೂರುಚೂರಾಗಿ ತೇಲಿತು. ಅದನ್ನೇ ಜಾಲರಿಯಲ್ಲಿ ಬಳಿದು ಎಲೆಗೆ ಹಾಕಿದರು. ದುಃಖದಲ್ಲಿ ಹೀಗಾಯಿತು ಅಂದುಕೊಂಡೆ. ಮರುವರ್ಷವೂ ಹಾಗೇ ಆಯಿತು. ಊಟಕ್ಕೆ ಬಂದಿದ್ದ ನನ್ನ ಓರಗಿತ್ತಿ ನಕ್ಕಳು.

"ಏನ್ ಅತ್ತೆಮ್ಮ, ಕಜ್ಜಾಯನೋ ಅವಲಕ್ಕಿನೋ ಇದು?"

"ತಿನ್ನೋಳು ತಿನ್ನು. ಹೆಸ್ರಿಡಕ್ಕೆ ನಾಮಕರಣ ಅಲ್ಲ" ಅಂದು ಅತ್ತೆ ಒಲೆಯ ಕಡೆ ತಿರುಗಿದರು.

ಮೂರನೇ ವರ್ಷ ನಾನೇ ಸೌಟು ಕಿತ್ತುಕೊಂಡೆ. "ನಿಮ್ ಕೈ ಹೋಗೈತೆ ಅತ್ತೆಮ್ಮ, ನೀವ್ ಕೂತ್ಕಳಿ. ನೆಂಟ್ರ ಮುಂದೆ ಮರ್ಯಾದೆ ಬ್ಯಾಡ್ವಾ?" ಅಂದೆ. ಮಾತು ಒರಟಾಗಿಯೇ ಬಂತು. ಅವರು ಎದ್ದು ಜಾಗ ಬಿಟ್ಟರು. ನನ್ನ ಕಜ್ಜಾಯ ದುಂಡಗೆ, ಕೆಂಪಗೆ ಬಂದವು. ಎಲ್ಲರೂ ಹೊಗಳಿದರು. ಅತ್ತೆ ಅವತ್ತು ಊಟ ಮಾಡಲಿಲ್ಲ.

ನೆಂಟರು ಹೋದ ಮೇಲೆ ನೋಡುತ್ತೇನೆ, ಅತ್ತೆ ಎಡೆಯ ಮುಂದೆ ಕೂತು ಕಜ್ಜಾಯಗಳನ್ನು ಒಂದೊಂದಾಗಿ ಮುರಿಯುತ್ತಿದ್ದಾರೆ.

"ಎಡೆ ಯಾಕ್ ಕೆಡಿಸ್ತೀರಾ?"

"ಅವ್ನು ಇಡೀದು ತಿಂದೋನಲ್ಲ ಕಣವ್ವ. ಎಣ್ಣೇಲಿ ಒಡ್ದು ಗರಿಗರಿ ಆದ ಚೂರೇ ಬೇಕು. ಚಿಕ್ಕೋನಾಗಿದ್ದಾಗ ಪಾಕ ಕೆಡ್ಲಿ ಅಂತ ಒಲೆ ಮುಂದೆ ಕಾಯ್ಕೊಂಡ್ ಕೂರೋನು. ಅದ್ಕೇ ಎಡೆಗೆ ಮಾಡುವಾಗ ನಾನೇ ಬೇಕಂತ, ಪಾಕ ಪೂರ್ತಿ ಬರೋಕ್ ಮುಂಚೆ ಎಳೆಪಾಕಕ್ಕೇ ಇಳಿಸ್ತಿದ್ದೆ. ಕೈಲಿ ಮುರಿದ್ರೆ ಆ ರುಚಿ ಬರಲ್ಲ. ಆದ್ರೂ ನೋಡ್ದೆ."

"ಏಳು ವರ್ಷ ಸಂಸಾರ ಮಾಡಿದೀನಿ, ನಂಗೆ ಒಂದಿನ ಹೇಳ್ಲಿಲ್ವಲ್ಲ ಅವ್ರು."

"ಹೆಂಡ್ರು ದುಂಡಗೆ ಮಾಡಿಕ್ಕಿದ್ದನ್ನ, ಒಡೆದಿದ್ದು ಕೊಡು ಅಂತ ಯಾವ್ ಗಂಡಸು ಕೇಳ್ತಾನೆ? ನಾಚ್ಕೆ ಅವ್ನಿಗೆ. ನಾನೂ ಹೇಳ್ಲಿಲ್ಲ. ನಿಂಗೆ ನೋವಾಗ್ತಿತ್ತು."

ಗಂಡನಿಗೆ ಏನಿಷ್ಟ ಎಂದು ಅವರು ಹೋದ ಎಷ್ಟೋ ದಿನಕ್ಕೆ ನನಗೆ ತಿಳಿಯಿತು. ಒಂದೇ ಮನೆಯಲ್ಲಿದ್ದ ಮನುಷ್ಯನನ್ನು ಅರಿಯದೆಯೇ ಕಳೆದುಕೊಂಡಿದ್ದೆ. ಈ ಮುದುಕಿಗೂ ಒಂದು ದಿನ ಎಡೆ ಇಡಬೇಕಲ್ಲ, ಆಗ ಏನಿಡಲಿ? ಆ ಯೋಚನೆ ಹೊಕ್ಕಿದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಕೇಳಿಯೇ ಬಿಟ್ಟೆ.

"ತಿನ್ನಕ್ಕೆ ನಿಮ್ಗೇನಿಷ್ಟ ಅತ್ತೆಮ್ಮ?"

"ಯಾಕೆ, ನಾನ್ ಹೊಂಟೀನಿ ಅಂತ ಯಾರಾದ್ರೂ ಅಂದ್ರಾ?"

"ತಮಾಷೆ ಬುಡಿ, ಹೇಳಿ."

ಅವತ್ತು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮದುವೆಯಾಗಿ ಬಂದಾಗಿನಿಂದ ಯಾರೂ ಕೇಳಿದವರಿಲ್ಲ. ಎರಡು ದಿನ ಬಿಟ್ಟು, ಕೊಟ್ಟಿಗೆಯಿಂದ ಬಂದವರು ಬಾಗಿಲಲ್ಲೇ ನಿಂತು, "ಬಿಸಿ ಅಕ್ಕಿರೊಟ್ಟಿ ಕಣವ್ವ. ಬ್ಯಾರೆ ಯಾರಾದ್ರೂ ಸುಟ್ಟಿದ್ದು" ಅಂದರು.

ಎಲ್ಲರಿಗೂ ಸುಟ್ಟು ಹಾಕಿ, ಕಡೆಗೆ ಉಳಿದ ತಣ್ಣನೆಯದನ್ನು ತಿಂದುಕೊಂಡೇ ಬಂದ ಹೆಂಗಸು. ಅವತ್ತಿನಿಂದ ನಮ್ಮ ಮನೆಯ ಮೊದಲ ರೊಟ್ಟಿ ಅವರದಾಯಿತು. ಕೂರಲು ಒಪ್ಪದೆ ಜಗಳ ತೆಗೆಯುತ್ತಿದ್ದರು. "ಮಗೀಗೆ ಹಾಕು ಮೊದ್ಲು" ಅನ್ನುತ್ತಿದ್ದರು. ನಾನು ಕೇಳುತ್ತಿರಲಿಲ್ಲ. ತುಪ್ಪ ಸವರಿ, ಒಂದು ಚೂರು ಬೆಲ್ಲ ಇಟ್ಟುಕೊಟ್ಟರೆ ಊದಿಕೊಂಡು ತಿನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಹನ್ನೆರಡು ವರ್ಷ ಹಾಗೆ ತಿಂದರು. ನನಗೆ ಅದು ಸಾಲದು.

ಹೋದ ವರ್ಷ, ಮಗಳ ಮದುವೆ ಮುಗಿದ ಮೇಲೆ ಮಲಗಿದವರು ಏಳಲಿಲ್ಲ. ಕಡೆಯ ವಾರ ಗಂಜಿಯೂ ಇಳಿಯುತ್ತಿರಲಿಲ್ಲ. ಆದರೂ ಅವರು ಹೋಗುವ ಹಿಂದಿನ ಬೆಳಿಗ್ಗೆ ಒಂದು ರೊಟ್ಟಿ ಸುಟ್ಟು ಹಾಸಿಗೆಯ ಹತ್ತಿರ ಒಯ್ದೆ. ಅಗಿಯಲಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಎರಡು ಅಂಗೈಗಳ ನಡುವೆ ಅದನ್ನು ಹಿಡಿದುಕೊಂಡು ಸುಮ್ಮನೆ ಮಲಗಿದರು. ಆರಿಹೋದೀತೆಂದು ನಾನು ಇನ್ನೊಂದು ಸುಡಲು ಎದ್ದೆ.

"ಕೂತ್ಕ" ಅಂದರು. "ನೀನಿನ್ನೂ ತಿಂದಿಲ್ಲ. ಇದ್ರಲ್ಲೇ ಮುರ್ಕ, ಬಿಸಿ ಐತೆ."

ಮುರಿದುಕೊಂಡೆ. ಅವರ ಎದುರಿಗೇ ಪೂರ್ತಿ ತಿಂದೆ. ಮುಗಿಯುವವರೆಗೂ ಅವರು ನೋಡುತ್ತಿದ್ದರು.