ಗಹ್ವಾ ಕುಡಿದ ಕೆನ್ನೆ

ನನಗೊಂದು ಚಾಳಿ. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಭಟ್ಕಳದಲ್ಲಿ ಅಂಟಿದ ಇದು ಸೌದಿಯ ಜುಬೈಲಿಗೆ ಬಂದ ಮೇಲೆ ಇನ್ನಷ್ಟು ಕೊಬ್ಬಿತು.

ಹದಿಮೂರರ ಮಗಳಿಗೆ ಶುಗರ್ ಬಂದಿತ್ತು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ನನಗೂ ಚಿಕ್ಕ ವಯಸ್ಸಿನಲ್ಲೇ ಬಂದಿತ್ತು, ನನ್ನ ತಾಯಿಗೂ. ಇದನ್ನು ಕೇಳಿದ ಹೊಸ ಡಾಕ್ಟರಿಗೆ ಅನುಮಾನ ಬಂತು. ಮನೆತನದಲ್ಲಿ ಹರಿದುಬರುವ ಅಪರೂಪದ ಬಗೆಯಾಗಿದ್ದರೆ ಸೂಜಿ ಬಿಟ್ಟು ಮಾತ್ರೆಯೇ ಸಾಕಾಗಬಹುದು ಎಂದರು. ಅದಕ್ಕೆ ನಮ್ಮಿಬ್ಬರ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಉಜ್ಜಿ, ಅಲ್ಲಿನ ಜೀವಕೋಶಗಳನ್ನು ಪರೀಕ್ಷೆಗೆ ಕಳಿಸಬೇಕು. ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಅಷ್ಟೇ.

ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯ ಸೌದಿ ಅಜ್ಜ ಫ್ಲಾಸ್ಕಿನಿಂದ ಗಹ್ವಾ ಎಂಬ ಅರಬ್ ಕಾಫಿ ಬಗ್ಗಿಸಿ, ಖರ್ಜೂರದ ಡಬ್ಬಿ ನಮ್ಮ ಮುಂದೆ ಹಿಡಿದರು. ಸಾಕೆಂದು ಕಪ್ಪನ್ನು ಅಲುಗಾಡಿಸಿ ತೋರಿಸುವ ತನಕ ಇಲ್ಲಿನವರು ತುಂಬಿಸುತ್ತಲೇ ಇರುತ್ತಾರೆ. ಅಲುಗಾಡಿಸಲು ನನಗೆ ಸಂಕೋಚ. ಮಗಳು ತನ್ನ ಖರ್ಜೂರವನ್ನು ಟಿಶ್ಯೂನಲ್ಲಿ ಸುತ್ತಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಒಳಗೆ ನರ್ಸ್, "ಏನಾದರೂ ತಿಂದಿರಾ?" ಎಂದು ಕೇಳಿದರು.

"ಅಂಥದ್ದೇನಿಲ್ಲ," ಎಂದೆ.

"ಅಬ್ಬಾ ಮೂರು ಖರ್ಜೂರ ತಿಂದಿದ್ದಾರೆ, ಮೂರು ಕಪ್ ಗಹ್ವಾ," ಎಂದು ಮಗಳು ಅಪ್ಪನಾದ ನನ್ನ ಬಂಡವಾಳ ಬಯಲು ಮಾಡಿದಳು.

ಅವಳ ಸ್ಯಾಂಪಲ್ ಮುಗಿಯಿತು. ನನ್ನ ಬಾಯಿ ತೊಳೆಸಿ, ಅರ್ಧ ಗಂಟೆ ಕಾಯಲು ಹೊರಗೆ ಅಟ್ಟಿದರು. ಅಜ್ಜ ಆಗಲೇ ಫ್ಲಾಸ್ಕ್ ಬಗ್ಗಿಸುತ್ತಿದ್ದರು. ಮಗಳು ನಮ್ಮಿಬ್ಬರ ನಡುವೆ ಕೂತು, ಶಾಲೆಯಲ್ಲಿ ಕಲಿತ ಅರಬಿಯಲ್ಲಿ ಎಲ್ಲ ವಿವರಿಸಿದಳು. ಅಜ್ಜ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದರು. ಆಮೇಲೆ ತಾವೂ ಒಂದು ಗುಟುಕು ಕುಡಿಯದೆ ಗಡಿಯಾರ ನೋಡುತ್ತಾ ಕೂತರು. ಹೊತ್ತಾದಾಗ ನನ್ನ ಭುಜ ತಟ್ಟಿ, "ಯಲ್ಲಾ" ಎಂದು ಒಳಗೆ ಹೊರಡಿಸಿದರು.

ಕೆಲವು ವಾರಗಳ ನಂತರ ವರದಿ ಬಂತು. ಡಾಕ್ಟರ ಅನುಮಾನ ನಿಜ, ಇಬ್ಬರದೂ ಅದೇ ಬಗೆ. ಮಗಳಿಗೆ ಮಾತ್ರೆ ಶುರುಮಾಡಿ ಇನ್ಸುಲಿನ್ ಮೆಲ್ಲಗೆ ಇಳಿಸಿದರು. ಸೂಜಿ ಪೂರ್ತಿ ನಿಲ್ಲಿಸಿ ಎಂದ ದಿನ ನನಗೆ ಕುಣಿಯುವಷ್ಟು ಖುಷಿ. ಆದರೂ ಮನೆಗೆ ಬರುವಾಗ ಕಾರಿನಲ್ಲಿ, ಎದೆಯಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂತು.

"ಈ ಕಾಯಿಲೆ ನಾನೇ ನಿಂಗೆ ಕೊಟ್ಟದ್ದು ಮಗಾ."

"ನಿಮ್ಮಿಂದ ಬಂದದ್ದಕ್ಕೇ ಅಲ್ವಾ ಅಬ್ಬಾ, ಮಾತ್ರೆ ಸಾಕಾದದ್ದು?"

ಕಾರು ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ. ಅವಳು ನಗುತ್ತಾ ಟಿಶ್ಯೂ ಕೊಟ್ಟಳು. ಬೇಡ ಅನ್ನಲು ಬಾಯಿ ಬರಲಿಲ್ಲ.