ನೌಕೆಯೊಳಗಿನ ‘ನಿಜ’ದ ಗುಂಡಿ

ನಮ್ಮ ಗಗನನೌಕೆಯ ಸೀಟುಗಳು ಬಸ್ಸಿನವು. ಅಂಕೋಲೆಯ ಗುಜರಿ ಅಂಗಡಿಯಲ್ಲಿ ಬಿದ್ದಿದ್ದವನ್ನು ಟೆಂಪೋಗೆ ಹಾಕಿಸಿಕೊಂಡು ಬಂದು, ಹರಿದ ರೆಕ್ಸಿನ್ನಿಗೆ ತೇಪೆ ಹೊಲಿಸಿ, ಅವರ್ಸಾದ ನಮ್ಮ ಹೈಸ್ಕೂಲಿನ ಸಭಾಭವನದ ಮೂಲೆಯಲ್ಲಿ ಜೋಡಿಸಿದ್ದೆವು. ಸುತ್ತ ಪ್ಲೈವುಡ್ಡಿನ ಗೋಡೆ, ಮೇಲೆ ದೋಣಿಗೆ ಹೊದಿಸುವ ನೀಲಿ ತಾಡಪಾಲು. ಎದುರಿಗೆ ಒಂದು ಹಳೆಯ ಕಂಪ್ಯೂಟರು, ಅದರ ಪಕ್ಕದ ಹಲಗೆಯ ತುಂಬ ಸ್ವಿಚ್ಚುಗಳು, ಚಿಕ್ಕ ಬಲ್ಬುಗಳು. ಸ್ವಿಚ್ಚುಗಳಲ್ಲಿ ಅರ್ಧಕ್ಕರ್ಧ ಯಾವ ತಂತಿಗೂ ಸೇರಿದವಲ್ಲ. ಮಕ್ಕಳು ಮಾತ್ರ ಅವನ್ನೂ ಅಷ್ಟೇ ಶ್ರದ್ಧೆಯಿಂದ ಒತ್ತುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಕೆಲವು ವರ್ಷ, ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ, ನಾವು ಶನಿವಾರ ಸಂಜೆ ಆರು ಮಕ್ಕಳನ್ನು ಇದರೊಳಗೆ ಕೂಡಿಸಿ ಭಾನುವಾರ ಬೆಳಿಗ್ಗೆ ಇಳಿಸುತ್ತಿದ್ದೆವು. ಅಷ್ಟೂ ಹೊತ್ತು ಅವರು ಬಾಹ್ಯಾಕಾಶದಲ್ಲಿ ಇದ್ದ ಹಾಗೆ. ಪಾಳಿಯ ಮೇಲೆ ಮಲಗಬೇಕು, ಪಾಳಿಯ ಮೇಲೆ ಎದ್ದು ಪರದೆಯಲ್ಲಿ ಆಕ್ಸಿಜನ್ ಎಷ್ಟಿದೆ, ಬ್ಯಾಟರಿ ಎಷ್ಟಿದೆ, ನೌಕೆಯ ಬಿಸಿ ಎಷ್ಟು ಏರಿದೆ ಎಂದು ನೋಡುತ್ತಿರಬೇಕು. ಪಕ್ಕದ ಕೋಣೆಯೇ ಭೂಮಿಯ ಮೇಲಿನ ಕಂಟ್ರೋಲ್ ರೂಮು. ಅಲ್ಲಿ ನಮ್ಮದೂ ಒಂದು ಕಂಪ್ಯೂಟರು. ಒಂದು ಕೀಲಿ ಒತ್ತಿದರೆ ಮಕ್ಕಳ ಪರದೆಯಲ್ಲಿ ಬ್ಯಾಟರಿ ಇಳಿಯತೊಡಗುತ್ತದೆ, ಇನ್ನೊಂದು ಒತ್ತಿದರೆ ಆಕ್ಸಿಜನ್ ಸೋರುತ್ತದೆ. ಏನು ಕೆಟ್ಟಿತು, ಯಾವ ಸ್ವಿಚ್ಚು ಒತ್ತಿದರೆ ಸರಿಹೋಗುತ್ತದೆ ಎಂದು ಒಳಗಿದ್ದವರು ತಮ್ಮತಮ್ಮಲ್ಲೇ ಮಾತಾಡಿ ಕಂಡುಹಿಡಿಯಬೇಕು. ಅವರನ್ನು ನೋಡಲು ನಮಗೆ ಕ್ಯಾಮೆರಾ ಇರಲಿಲ್ಲ. ಮೀನು ಹಿಡಿಯುವ ಟ್ರಾಲರಿನವರೊಬ್ಬರು ಕೊಟ್ಟ ಹಳೆಯ ಸ್ಪೀಕರಿನಲ್ಲಿ ಅವರ ದನಿ ಮಾತ್ರ ಕೇಳುತ್ತಿತ್ತು.

ಇದರ ಹಿಂದಿದ್ದ ತಲೆ ನನ್ನದಲ್ಲ. ನಾನು ಅಲ್ಲಿ ವಿಜ್ಞಾನದ ಟೀಚರು, ಅಷ್ಟೇ. ಒಂದು ಸಲ ವಿಜ್ಞಾನ ದಿನದ ಭಾಷಣಕ್ಕೆಂದು ಕೈಗಾ ಅಣುಸ್ಥಾವರದಿಂದ ಒಬ್ಬ ಇಂಜಿನಿಯರನ್ನು ಕರೆಸಿದ್ದೆವು. ಘಟ್ಟದ ಮೇಲಿನವರು, ತೆಳ್ಳಗಿನ ಆಸಾಮಿ, ಮಾತು ಬಹಳ ಮೆತ್ತಗೆ. ಮಕ್ಕಳು ಆಕಳಿಸುವುದನ್ನು ಕಂಡು ಅವರು ಬರೆದುಕೊಂಡು ಬಂದ ಭಾಷಣವನ್ನು ಮಡಚಿ ಜೇಬಿಗಿಟ್ಟರು.

“ನನ್ನ ಕೆಲಸ ಏನು ಗೊತ್ತಾ? ಸುಳ್ಳು ಅಪಘಾತ ಮಾಡೋದು” ಎಂದರು.

ಮಕ್ಕಳು ನೆಟ್ಟಗೆ ಕೂತರು. ನಿಜವಾದ ಕಂಟ್ರೋಲ್ ರೂಮಿನಂತೆಯೇ ಕಾಣುವ ಒಂದು ಸುಳ್ಳು ಕಂಟ್ರೋಲ್ ರೂಮು ಇರುತ್ತದೆ, ಹೊಸಬರನ್ನು ಅದರಲ್ಲಿ ಕೂಡಿಸಿ ಇಲ್ಲದ ತೊಂದರೆಗಳನ್ನು ಒಂದೊಂದಾಗಿ ಕೊಟ್ಟು ಅಭ್ಯಾಸ ಮಾಡಿಸುತ್ತೇವೆ, ಅಲ್ಲಿ ನೂರು ಸಲ ತಪ್ಪು ಮಾಡಿದವರು ನಿಜವಾದದ್ದರಲ್ಲಿ ತಪ್ಪು ಮಾಡುವುದಿಲ್ಲ ಎಂದು ಅವರು ವಿವರಿಸಿದರು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: “ನಮಗೂ ಹಂಗೆ ಮಾಡ್ತ್ರಾ ಸರ್? ರಾಕೆಟ್ಟಿಂದು?”

“ಮಾಡೋಣ” ಎಂದರು ಅವರು.

ಅತಿಥಿಗಳು ಹಾಗೆ ಹೇಳುವುದು ವಾಡಿಕೆ. ಇವರು ಮುಂದಿನ ಶನಿವಾರವೇ ಬಂದರು. ಕಂಪನಿಯ ಬಸ್ಸಿನಲ್ಲಿ ಕಾರವಾರದವರೆಗೆ, ಅಲ್ಲಿಂದ ಅಂಕೋಲೆ ಬಸ್ಸು ಹಿಡಿದು ಅವರ್ಸಾಕ್ಕೆ. ಟಿಫಿನ್ ಚೀಲದಲ್ಲಿ ಊಟದ ಡಬ್ಬಿಯ ಜೊತೆ ಬೆಸುಗೆ ಹಾಕುವ ಕಡ್ಡಿ. ಪ್ರೋಗ್ರಾಮನ್ನು ರಜೆಯ ದಿನಗಳಲ್ಲಿ ತಾವೇ ಕೂತು ಬರೆದರು. ಮಕ್ಕಳು ತಪ್ಪು ಸ್ವಿಚ್ಚು ಒತ್ತಿದಾಗ ಅವರು ‘ತಪ್ಪು’ ಎಂದದ್ದು ನಾನು ಒಂದು ದಿನವೂ ಕೇಳಲಿಲ್ಲ. “ಸರಿ, ಈಗ ಹೀಗಾಯ್ತು. ಇನ್ನೇನು ಮಾಡ್ತೀರಿ?” ಎನ್ನುತ್ತಿದ್ದರು. ಇಷ್ಟು ವರ್ಷ ಪಾಠ ಹೇಳಿದ ನಾನು ಆ ಒಂದು ಪ್ರಶ್ನೆಯನ್ನು ಅವರಿಂದ ಕಲಿತೆ.

ಮೊದಲ ಶಿಬಿರಗಳಿಗೆ ಬಂದವರೆಲ್ಲ ಹುಡುಗರೇ. ಹುಡುಗಿಯರನ್ನು ರಾತ್ರಿ ಶಾಲೆಯಲ್ಲಿ ಬಿಡಲು ಮನೆಯವರು ಒಪ್ಪುತ್ತಿರಲಿಲ್ಲ. ನನಗೆ ಇದು ಸಹಿಸಲಾಗಲಿಲ್ಲ. ನಾನೂ ಹೊಲಿಗೆ ಟೀಚರೂ ಸೇರಿ ಮನೆಮನೆಗೆ ಹೊರಟೆವು.

ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು, ಮೀನುಗಾರರ ಮನೆಯವಳು. ಮನೆಯಲ್ಲಿ ಕೊಂಕಣಿ. ತರಗತಿಯಲ್ಲಿ ಬಾಯಿ ತೆರೆದರೆ ಕನ್ನಡದ ನಡುವೆ ಕೊಂಕಣಿ ನುಸುಳಿ ಉಳಿದವರು ನಗುತ್ತಿದ್ದರು, ಹಾಗಾಗಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಲೆಕ್ಕ ಮಾತ್ರ ಥಟ್ಟನೆ ಮಾಡುತ್ತಿದ್ದಳು. ಅವಳ ಮನೆಯಲ್ಲಿ ಅಜ್ಜಿಯದೇ ಆಡಳಿತ. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿತು:

“ಹಗಲು ಕಲಿಸಿದ್ದು ಸಾಕಾಗೂದಿಲ್ಲ ಅಕ್ಕೋರೆ? ರಾತ್ರಿ ಎಂತ ಕಲಿಸ್ತ್ರಿ?”

ನಾನು ನೌಕೆಯ ವಿಷಯ ಹೇಳಿದೆ. ಅಜ್ಜಿಯ ಕೈ ನಿಂತಿತು. ಆ ವರ್ಷವೇ, ಬಾಹ್ಯಾಕಾಶದಿಂದ ಮರಳುತ್ತಿದ್ದ ನೌಕೆಯೊಂದು ಆಕಾಶದಲ್ಲೇ ಒಡೆದುಹೋದದ್ದನ್ನು ಊರಿಗೆ ಊರೇ ಟೀವಿಯಲ್ಲಿ ನೋಡಿತ್ತು.

“ನಾನೂ ನೋಡಿದ್ದೆ ಅದನ್ನ. ನಮ್ಮ ದೇಶದ್ದೇ ಹುಡುಗಿ ಇದ್ಲಲ್ಲ ಅದ್ರಲ್ಲಿ. ಬೇಡ, ಬೇಡ.”

“ಅಜ್ಜಿ, ಇದು ಹಾರೂದೇ ಇಲ್ಲ. ಶಾಲೆಯ ಒಳಗೇ ಇರ್ತದೆ.”

“ಹಾರೂದಿಲ್ಲ ಅಂದ್ರೆ ಅದ್ರಲ್ಲಿ ಕೂತ್ಕಂಡು ಎಂತ ಮಾಡೂದು?”

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಹೊರಗೆ ಬಂದು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೊಂಕಣಿಯಲ್ಲಿ ಏನೋ ಹೇಳತೊಡಗಿದಳು. ನನಗೆ ಅರ್ಧ ಮಾತ್ರ ಅರ್ಥವಾಯಿತು. ತಮ್ಮನಿಗೆ ಈಜು ಕಲಿಸುವಾಗ ಅಪ್ಪ ಮೊದಲು ಮೊಣಕಾಲುದ್ದದ ನೀರಿಗೆ ಇಳಿಸಿದ್ದರಲ್ಲ, ಇದೂ ಹಾಗೆಯೇ ಎನ್ನುತ್ತಿದ್ದಳು. ಆ ಹುಡುಗಿ ಅಷ್ಟು ಮಾತಾಡಬಲ್ಲಳು ಎಂದು ನನಗೆ ಅವತ್ತೇ ಗೊತ್ತಾದದ್ದು. ಅಜ್ಜಿ ಕೊನೆಗೆ ನನ್ನ ಕಡೆ ತಿರುಗಿ, “ನೀವು ಅಲ್ಲೇ ಮಲಗ್ತ್ರಾ?” ಎಂದಿತು. “ಮಲಗೂದೇ ಇಲ್ಲ” ಎಂದೆ. ಒಪ್ಪಿಗೆ ಸಿಕ್ಕಿತು.

ಆ ಸಲದ ಶಿಬಿರ ಪಂದ್ಯದಂತಿತ್ತು. ಹಿಂದಿನ ವಾರ ಕಾರವಾರದ ಒಂದು ಶಾಲೆಯ ತಂಡ ಬಂದು ನೌಕೆಯನ್ನು ಬೆಳಗಿನವರೆಗೆ ಸುರಕ್ಷಿತವಾಗಿ ನಡೆಸಿ ಒಳ್ಳೆಯ ಅಂಕ ಗಳಿಸಿ ಹೋಗಿತ್ತು. ನಮ್ಮ ಮಕ್ಕಳಿಗೆ ಅವರನ್ನು ಸೋಲಿಸುವ ಹಟ. ನಿಯಮ ಸರಳ. ನೌಕೆಯ ಬಾಗಿಲೆಂದರೆ ತಾಡಪಾಲಿನ ಒಂದು ತುದಿ. ಯಾರು ಬೇಕಾದರೂ ಎತ್ತಿ ಹೊರಗೆ ಬರಬಹುದು. ಆದರೆ ನೌಕೆ ಭೂಮಿಗಿಳಿಯುವ ಮೊದಲು ಬಾಗಿಲು ತೆರೆದರೆ ತಂಡ ಸೋತಂತೆ. ನಾಯಕರು ಯಾರೆಂದು ಚೀಟಿ ಎತ್ತಿದಾಗ ಬಂದದ್ದು ಇವಳ ಹೆಸರು. ಹುಡುಗರು ಮುಖ ಮುಖ ನೋಡಿಕೊಂಡರು. ಅವಳು ಬೆವರಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಉಡಾವಣೆ ಚೆನ್ನಾಗಿಯೇ ಆಯಿತು. ಊಟಕ್ಕೆಂದು ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ತುಂಬಿಟ್ಟಿದ್ದ ರವೆಯ ಶಿರಾವನ್ನು, ಗಗನಯಾತ್ರಿಗಳು ತಿನ್ನುವ ಹಾಗೆ, ಮೂಲೆ ಕತ್ತರಿಸಿ ಹಿಂಡಿ ತಿಂದರು. ನಗು ಕೇಳುತ್ತಿತ್ತು. ಮೊದಮೊದಲು ಅವಳ ದನಿ ಸ್ಪೀಕರಿನಲ್ಲಿ ಕೇಳುತ್ತಲೇ ಇರಲಿಲ್ಲ. ಇಂಜಿನಿಯರು ಮೈಕಿನಲ್ಲಿ, “ನಾಯಕರೇ, ಭೂಮಿ ಬಹಳ ದೂರ ಇದೆ. ಸ್ವಲ್ಪ ಜೋರಾಗಿ” ಎಂದರು. ಆಮೇಲೆ ಕೇಳತೊಡಗಿತು. ಕನ್ನಡ, ನಡುನಡುವೆ ಕೊಂಕಣಿ. ಯಾರೂ ನಗಲಿಲ್ಲ. ಆಕ್ಸಿಜನ್ ಎಷ್ಟಿದೆ ಎಂದು ಹೇಳುತ್ತಿರುವವಳ ಕನ್ನಡವನ್ನು ನೋಡಿ ನಗಲು ಯಾರಿಗೆ ಪುರುಸೊತ್ತು!

ಸ್ವಲ್ಪ ಹೊತ್ತು ಬಿಟ್ಟು ಇಂಜಿನಿಯರು ಆಕ್ಸಿಜನ್ ಸೋರುವ ಕೀಲಿ ಒತ್ತಿದರು. ಒಳಗೆ ಗಡಿಬಿಡಿ ಶುರುವಾಯಿತು. ಯಾವ ಟ್ಯಾಂಕು, ಯಾವ ಕವಾಟ ಎಂಬ ಚರ್ಚೆ. ಆ ಗದ್ದಲದ ನಡುವೆ ಅವಳ ದನಿ:

“ಕಂಟ್ರೋಲ್, ಇಲ್ಲಿ ಒಬ್ಬನಿಗೆ ಉಸಿರು ಕಟ್ತಾ ಉಂಟು.”

ಇಂಜಿನಿಯರು ನನ್ನ ಕಡೆ ನೋಡಿ ಮೆಚ್ಚಿಗೆಯಿಂದ ಹುಬ್ಬು ಹಾರಿಸಿದರು. ಎಷ್ಟು ಚೆನ್ನಾಗಿ ಪಾತ್ರದೊಳಗೆ ಇಳಿದಿದ್ದಾರೆ ಎಂದು. ನಾನೂ ಹಾಗೆಯೇ ಅಂದುಕೊಂಡೆ. ಅವರು ಮೈಕಿನಲ್ಲಿ, “ನಾಯಕರೇ, ಎರಡನೇ ಟ್ಯಾಂಕಿಗೆ ಬದಲಿಸಿ” ಎಂದರು.

ಆಮೇಲೆ ಅದೇ ದನಿ, ಎತ್ತರಿಸದೆ, ಒಂದೊಂದೇ ಶಬ್ದ ಬಿಡಿಸಿ:

“ಸರ್, ಇದು ಆಟದ್ದಲ್ಲ. ಇದು ನಿಜ. ನಾನು ಬಾಗಿಲು ತೆಗೀತಾ ಇದ್ದೇನೆ.”

ನಾವಿಬ್ಬರೂ ಎದ್ದು ಓಡಿದೆವು. ಅಷ್ಟರಲ್ಲಿ ಅವಳು ತಾಡಪಾಲನ್ನು ಪೂರ್ತಿ ಎತ್ತಿ ಕಟ್ಟಿದ್ದಳು. ಎಂಟನೇ ತರಗತಿಯ ಹುಡುಗನೊಬ್ಬ ಹೊರಗೆ ಕಿಟಕಿಯ ಬಳಿ, ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಎದೆ ಏರಿಳಿಯುತ್ತಿತ್ತು, ಸಿಳ್ಳೆಯಂಥ ಸದ್ದು. ಅವನಿಗೆ ದಮ್ಮು ಇತ್ತು. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೆಂದು ಮನೆಯವರೂ ಅವನೂ ಬಾಯಿಬಿಟ್ಟಿರಲಿಲ್ಲ. ಅವಳು ಅವನ ಅಂಗಿಯ ಗುಂಡಿ ಬಿಚ್ಚಿ, ಬೆನ್ನ ಮೇಲೆ ಕೈಯಿಟ್ಟು, “ಕೂತ್ಕೊ, ಮಲಗ್ಬೇಡ, ನಿಧಾನ, ನಿಧಾನ” ಎನ್ನುತ್ತಿದ್ದಳು. ಅವನ ಚೀಲ ತಡಕಲು ಇನ್ನೊಬ್ಬನಿಗೆ ಹೇಳಿದ್ದಳು. ಅದರಲ್ಲಿ ಸೇದುವ ಔಷಧಿ ಇತ್ತು. ನಾವು ಮುಟ್ಟುವ ಹೊತ್ತಿಗೆ ಅದು ಅವನ ಬಾಯಲ್ಲಿತ್ತು.

ಆ ರಾತ್ರಿ ನಮ್ಮೊಡನೆ ಶಾಲೆಯಲ್ಲೇ ಉಳಿದಿದ್ದ ಹೊಲಿಗೆ ಟೀಚರು ರಿಕ್ಷಾ ಕರೆಸಿ ಅವನನ್ನು ಅಂಕೋಲೆಯ ಡಾಕ್ಟರ ಬಳಿಗೆ ಕರೆದೊಯ್ದರು. ಅವನು ರಿಕ್ಷಾ ಹತ್ತುವಾಗಲೇ ಉಸಿರು ಹದಕ್ಕೆ ಬಂದಿತ್ತು. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದರಂತೆ.

ಉಳಿದ ನಾಲ್ವರು ನೌಕೆಯ ಬಾಗಿಲಲ್ಲೇ ನಿಂತಿದ್ದರು. ಒಬ್ಬ ಹುಡುಗ ಅಳುಮುಖ ಮಾಡಿ, “ಬಾಗಿಲು ತೆಗೆದ್ವಿ. ಇನ್ನು ಸೋತ ಹಂಗೇ ಅಲ್ವಾ ಸರ್?” ಎಂದ.

ಅವಳೇ ಉತ್ತರ ಕೊಟ್ಟಳು. “ಹೌದು, ಸೋತ್ವಿ. ಎಂತ ಆಯ್ತು ಈಗ?”

ಇಂಜಿನಿಯರು ಸಭಾಭವನದ ಮೆಟ್ಟಿಲ ಮೇಲೆ ಹೋಗಿ ಕೂತರು. ನಾನು ಚಹಾ ತೆಗೆದುಕೊಂಡು ಹೋದೆ. ಅವರು ಲೋಟವನ್ನು ಪಕ್ಕಕ್ಕಿಟ್ಟು ಹೇಳಿದರು:

“ಮೇಡಂ, ನಾನು ದೊಡ್ಡವರಿಗೆ ಕಲಿಸ್ತೀನಿ. ಓದಿದವರಿಗೆ. ಎಲ್ಲಕ್ಕಿಂತ ಕಷ್ಟದ ಪಾಠ ಯಾವುದು ಗೊತ್ತಾ? ನಿಲ್ಲಿಸೋದು. ಅನುಮಾನ ಬಂದ ತಕ್ಷಣ ಎಲ್ಲಾ ನಿಲ್ಲಿಸೋದು. ಅಷ್ಟು ಜನ ನೋಡ್ತಿರುವಾಗ ಯಾರಿಗೂ ಕೈ ಬರಲ್ಲ. ಈ ಹುಡುಗಿಗೆ ನಾನು ತಪ್ಪು ಉತ್ತರ ಕೊಟ್ಟೆ. ಆದರೂ ಅವಳು ನನ್ನ ಮಾತು ಕೇಳಲಿಲ್ಲ ನೋಡಿ.” “ಕೇಳದೇ ಇದ್ದದ್ದು ಎಷ್ಟು ಒಳ್ಳೇದಾಯ್ತು!” ಎಂದರು.

ಬೆಳಿಗ್ಗೆ ಮನೆಯವರೆಲ್ಲ ಮಕ್ಕಳನ್ನು ಕರೆದೊಯ್ಯಲು ಬಂದಾಗ ಇಂಜಿನಿಯರು ಎಲ್ಲರ ಎದುರು ನಡೆದದ್ದನ್ನು ನಡೆದಂತೆ ಹೇಳಿದರು. ತಾವು ಏನೆಂದು ತಿಳಿದುಕೊಂಡರು, ಅವಳು ಏನು ಮಾಡಿದಳು, ಎಲ್ಲ. ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದ ಅಜ್ಜಿಯೂ ಬಂದು ನಿಂತಿತ್ತು. ಪೂರ್ತಿ ಕೇಳಿ, ಬುಟ್ಟಿ ಕೆಳಗಿಟ್ಟು, ಮೊಮ್ಮಗಳ ಕೆನ್ನೆ ಸವರಿ, “ಮುಖ ತೊಳೆದ್ಯಾ?” ಎಂದು ಕೇಳಿತು. ಅಷ್ಟೇ. ಆದರೆ ಬಸ್ಸಿಗೆ ಕಾಯುತ್ತ ನಿಂತಿದ್ದ ಹೆಂಗಸರಿಗೆಲ್ಲ ಆ ಕಥೆಯನ್ನು ಅಜ್ಜಿ ಗಟ್ಟಿ ದನಿಯಲ್ಲಿ ಹೇಳುತ್ತಿದ್ದುದು ಶಾಲೆಯ ಗೇಟಿನವರೆಗೂ ಕೇಳುತ್ತಿತ್ತು. ಮುಂದಿನ ಶಿಬಿರಕ್ಕೆ ಹುಡುಗಿಯರನ್ನು ಕಳಿಸಿ ಎಂದು ನಾನು ಯಾರ ಮನೆಗೂ ಹೋಗಬೇಕಾಗಲಿಲ್ಲ.

ಇಂಜಿನಿಯರು ಮುಂದಿನ ಶನಿವಾರ ಬಂದಾಗ ಟಿಫಿನ್ ಚೀಲದಲ್ಲಿ ಒಂದು ದೊಡ್ಡ ಕೆಂಪು ಗುಂಡಿಯಿತ್ತು. ಅದನ್ನು ನೌಕೆಯೊಳಗೆ ಎಲ್ಲರ ಕೈಗೂ ಎಟುಕುವಂತೆ ಕೂಡಿಸಿದರು. ಒತ್ತಿದರೆ ನಮ್ಮ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ, ಪರದೆಗಳೆಲ್ಲ ನಿಲ್ಲುತ್ತವೆ, ನೌಕೆಯ ದೀಪಗಳೆಲ್ಲ ಹತ್ತುತ್ತವೆ. ಅದರ ಕೆಳಗೆ ಏನು ಬರೆಯೋಣ ಎಂದು ಹುಡುಗಿಯನ್ನು ಕೇಳಿದರು. ಅವಳು ಬಿಳಿ ಬಣ್ಣದಲ್ಲಿ, ಕುಂಚ ಹಿಡಿದು, ‘ನಿಜ’ ಎಂದು ಬರೆದಳು. ಅಂಕ ಕೊಡುವ ಕ್ರಮವನ್ನೂ ಅವರು ಬದಲಿಸಿದರು. ಯಾರು ಆ ಗುಂಡಿ ಒತ್ತಿದರೂ ತಂಡದ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಕಾರವಾರದ ತಂಡಕ್ಕೆ ಫೋನು ಮಾಡಿ, ಆ ಸಲದ ಪಂದ್ಯದಲ್ಲಿ ಎರಡೂ ತಂಡ ಸಮ ಎಂದು ತಿಳಿಸಿದರು. ಅವರೂ ಖುಷಿಯಿಂದಲೇ ಒಪ್ಪಿದರು.

ಆ ಗುಂಡಿಯನ್ನು ಮಕ್ಕಳು ತಮಾಷೆಗೆ ಒತ್ತುತ್ತಾರೆ ಎಂದು ನಾನು ಹೆದರಿದ್ದೆ. ಯಾರೂ ಒತ್ತಲಿಲ್ಲ. ಮರುವರ್ಷ ಒಂದೇ ಒಂದು ಸಲ ಗಂಟೆ ಬಾರಿಸಿತು. ಓಡಿಹೋಗಿ ನೋಡಿದರೆ ಪಕ್ಕದ ಪ್ರಾಥಮಿಕ ಶಾಲೆಯಿಂದ ಬಂದಿದ್ದ ಐದನೇ ತರಗತಿಯ ಒಬ್ಬಳು ಪುಟ್ಟಿ ತುಟಿ ಕಚ್ಚಿಕೊಂಡು ನಿಂತಿದ್ದಳು. “ಆಯಿ ನೆನಪಾಯ್ತು” ಎಂದಳು. ತಂಡದ ಹುಡುಗನೊಬ್ಬ, “ಇದಕ್ಕೆಲ್ಲ ಒತ್ತೂದಾ?” ಎಂದು ಗೊಣಗಿದ. ಅಷ್ಟು ಹೊತ್ತಿಗೆ ಹತ್ತನೇ ತರಗತಿಗೆ ಬಂದು ನಮಗೆ ನೆರವಾಗುತ್ತಿದ್ದ ನಮ್ಮ ನಾಯಕಿ ಅವನಿಗೆ ಹೇಳಿದಳು: “ಹೌದು, ಒತ್ತೂದೇ.” ಪುಟ್ಟಿಯನ್ನು ತನ್ನ ಪಕ್ಕ ಕೂಡಿಸಿಕೊಂಡು ಉಳಿದಿದ್ದ ಶಿರಾ ತಿನ್ನಿಸಿದಳು. ಅರ್ಧ ಗಂಟೆಯ ನಂತರ ಪುಟ್ಟಿ ತಾನಾಗಿಯೇ ನೌಕೆಗೆ ಮರಳಿ ಹೋದಳು.

ಕೆಲ ವರ್ಷಗಳ ನಂತರ ಇಂಜಿನಿಯರಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ಮೊದಲು ಎರಡು ಭಾನುವಾರ ಪೂರ್ತಿ ಕೂತು ನನಗೆ ಎಲ್ಲ ಕೀಲಿಗಳನ್ನೂ ಕಲಿಸಿದರು. ಹುಡುಗಿ ಕಾರವಾರದಲ್ಲಿ ಪಿಯುಸಿ ಮುಗಿಸಿ ಡಿಪ್ಲೊಮಾ ಓದಿದಳು. ಈಗ ಒಂದು ಕಾರ್ಖಾನೆಯಲ್ಲಿ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮೈಕಿನ ಮುಂದೆ ನಿಂತು ನೂರಾರು ಜನರಿಗೆ ಹೇಳಿಕೊಡುತ್ತಾಳೆ ಎಂದು ಕೇಳಿದ್ದೇನೆ.

ಅವರಿಬ್ಬರೂ ಇಲ್ಲದೆ ನಾನೊಬ್ಬಳೇ ನಡೆಸಿದ ಮೊದಲ ಶಿಬಿರಕ್ಕೆ ಕಾರವಾರದ ಹತ್ತಿರದ ಕಿನ್ನರ ಎಂಬ ಊರಿನ ಮಕ್ಕಳು ಬಂದಿದ್ದರು. ಕಂಟ್ರೋಲ್ ರೂಮಿನಲ್ಲಿ ಕೂತು, ಇಂಜಿನಿಯರು ಕಲಿಸಿದ ಕೀಲಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡೆ. ಉಡಾವಣೆ ಮುಗಿದು ಪರದೆಯಲ್ಲಿ ಭೂಮಿಯ ಚಿತ್ರ ಮೂಡಿದಾಗ ಒಳಗಿನಿಂದ ಒಂದು ಸಣ್ಣ ದನಿ ಕೇಳಿತು:

“ಟೀಚರ್, ಇಲ್ಲಿಂದ ನಮ್ಮ ಕಿನ್ನರ ಕಾಣ್ತದಾ?”

ನಾನು ಮೈಕನ್ನು ಹತ್ತಿರ ಎಳೆದುಕೊಂಡೆ. “ಕಾಳಿ ನದಿ ಹುಡುಕು. ಅದರ ದಂಡೆ ಹಿಡ್ಕಂಡೇ ಹೋಗು” ಎಂದೆ. ಒಳಗೆ ಆರೂ ತಲೆಗಳು ಪರದೆಗೆ ಅಂಟಿಕೊಂಡಿರಬೇಕು. ಅವರು ಹುಡುಕಿ ಮುಗಿಸಲಿ ಎಂದು ನಾನು ಯಾವ ಕೀಲಿಯನ್ನೂ ಒತ್ತದೆ ಕಾದೆ.